ಗೋಡೆಯಾಚೆಯ ರೋಬೋಟ್‌ಗಳು

ಹಿಂದಿ ನಾಡಿನ ಲಕ್ಷ್ಮೀ ನಗರದಲ್ಲಿದ್ದ ನಮ್ಮ ಬಾಡಿಗೆ ಮನೆಯ ಪಕ್ಕದಲ್ಲಿ ಕನ್ನಡದ ಆಂಟಿಯೊಬ್ಬರಿದ್ದರು. ಮಧ್ಯಾಹ್ನದ ಊಟ ಮುಗಿದದ್ದೇ ಅವರು ಡಿವಿಡಿ ಹಾಕುತ್ತಿದ್ದರು. ಬೇರೆ ಗ್ರಹದಿಂದ ಬಂದ ದೈತ್ಯ ರೋಬೋಟ್‌ಗಳು ಹೊಡೆದಾಡಿ ಊರನ್ನೇ ಪುಡಿ ಮಾಡುವ ಇಂಗ್ಲಿಷ್ ಸಿನಿಮಾ ಅದು. ತೆರೆಯ ಮೇಲೆ ಕಟ್ಟಡ ಉರುಳಿದಾಗೆಲ್ಲ ನಮ್ಮ ಅಡುಗೆಮನೆಯ ಲೋಟಗಳು ಅದುರುತ್ತಿದ್ದವು. ಕಡಿಮೆ ಮಾಡಿ ಎಂದು ಕೇಳಲು ಹೋದರೆ, ನೆಲಕ್ಕೆ ಅಂಗಾಲು ಒತ್ತಿ ಕೂತ ಅವರು ರಿಮೋಟನ್ನು ನನ್ನ ಕೈಗೇ ಕೊಟ್ಟು, "ಸ್ವಲ್ಪ ಜೋರು ಮಾಡಮ್ಮ," ಎನ್ನುತ್ತಿದ್ದರು.

ಅವರ ಕಿವಿ ಮಂದವಾಗಿ ವರ್ಷಗಳೇ ಆಗಿದ್ದವು. ಬರೀ ಮಾತಿನ ಸಿನಿಮಾ ಅವರಿಗೆ ಬೇಡವಾಗಿತ್ತು. "ಇದಾದ್ರೆ ಕಾಲಿಗಾದ್ರೂ ಕೇಳಿಸುತ್ತೆ," ಎಂದು ನಗುತ್ತಿದ್ದರು.

ಕೊನೆಗೊಮ್ಮೆ ಆಪರೇಷನ್‌ಗೆ ಒಪ್ಪಿದರು. ಈಗ ಕೇಳಿಸುವಷ್ಟೂ ಹೋಗಿಬಿಡಬಹುದು ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಕಿವಿಯ ಹತ್ತಿ ತೆಗೆಸಿಕೊಂಡು ಬಂದ ದಿನ ಅವರ ಯಜಮಾನರು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, "ಆಟೋ ಗದ್ದಲದಲ್ಲಿ ಏನೂ ಗೊತ್ತಾಗ್ಲಿಲ್ಲಮ್ಮ. ಮಾತಾಡ್ಸೋಕೇ ಭಯ ಆಗ್ತಿದೆ," ಎಂದು ಪಿಸುಗುಟ್ಟಿದರು.

ಒಳಗೆ ಆಂಟಿ ಎಂದಿನಂತೆ ಕೂತು ರಿಮೋಟ್ ಒತ್ತಿದರು. ಒಂದು ರೋಬೋಟ್ ಸೇತುವೆಯ ಮೇಲೆ ಬಿತ್ತು. ಅವರ ಎರಡೂ ಕೈ ಕಿವಿಗೆ ಹೋದವು.

"ಅಯ್ಯೋ ಶಿವನೇ, ಇಷ್ಟೊಂದು ಗಲಾಟೆನಾ? ಆರಿಸ್ರೀ ಅದನ್ನ!"

ಯಜಮಾನರು ಓಡಿ ಪ್ಲಗ್ಗನ್ನೇ ಕಿತ್ತರು. ಅಲ್ಲೇ ಗೋಡೆಗೊರಗಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆ ನಿಶ್ಶಬ್ದದಲ್ಲಿ ಕೆಳಗಿನ ಗಲ್ಲಿಯಿಂದ ತರಕಾರಿಯವನ ಕೂಗು ಕೇಳಿಬಂತು. ನಾವಿಬ್ಬರೂ ಅಲುಗಾಡುವ ಮೊದಲೇ ಆಂಟಿ ಬಾಲ್ಕನಿಗೆ ಹೋಗಿ ಬಗ್ಗಿದ್ದರು.

"ಭಯ್ಯಾ, ರುಕೋ! ಮೂಲೀ ಹೈ ಕ್ಯಾ?"

ಕೆಳಗಿನಿಂದ ಅವನು ಏನೋ ಹೇಳಿದ. ನನಗದು ಸರಿಯಾಗಿ ಕೇಳಿಸಲಿಲ್ಲ. ಆಂಟಿ ನಮ್ಮತ್ತ ತಿರುಗಿದರು.

"ಮೂಲಂಗಿ ಇದೆಯಂತೆ," ಎಂದರು.