ಹಳೇ ಟಿವಿಯೂ ನನ್ನ ಎಡಗಾಲೂ

ನನಗೆ ಎರಡು ಕೊರತೆಗಳಿವೆ. ಮೊದಲೇ ಹೇಳಿಬಿಟ್ಟರೆ ನೀವೂ ನಿರಾಳ, ನಾನೂ ನಿರಾಳ. ಒಂದು, ಕುಳಿತಲ್ಲಿ ನನ್ನ ಎಡಗಾಲು ಸುಮ್ಮನಿರುವುದಿಲ್ಲ. ಕುರ್ಚಿ ಸಿಕ್ಕರೆ ಸಾಕು, ಹೊಲಿಗೆ ಯಂತ್ರ ತುಳಿಯುವವರ ಹಾಗೆ ತನ್ನಷ್ಟಕ್ಕೆ ತಾನೇ ಅಲ್ಲಾಡತೊಡಗುತ್ತದೆ. ಕಾಲು ಅಲ್ಲಾಡಿಸುವವರ ಮನೆಯಲ್ಲಿ ಲಕ್ಷ್ಮಿ ನಿಲ್ಲುವುದಿಲ್ಲ ಎಂದು ನಮ್ಮವ್ವ ಜೀವಮಾನವಿಡೀ ಬೈದಳು. ನಾನು ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾದೆ. ಅವಳ ಮಾತು ಅಷ್ಟರಮಟ್ಟಿಗೆ ನಿಜವಾಯಿತು. ಇನ್ನೊಂದು ಕೊರತೆ, ನನಗೆ ಸಂಗೀತದ ಕಿವಿಯಿಲ್ಲ. ನಿಧಾನವಾಗಿ ಹಾಡಿದರೆ ಬೆಳಗಿನ ರಾಗ, ಜೋರಾಗಿ ಹಾಡಿದರೆ ಸಂಜೆಯ ರಾಗ ಎಂದು ಬಹಳ ಕಾಲ ತಿಳಿದುಕೊಂಡಿದ್ದ ಮನುಷ್ಯ ನಾನು.

ಇಂಥವನಿಗೆ ದೇವರು ಪಿಟೀಲು ಬಾರಿಸುವ ಹೆಂಡತಿಯನ್ನು ಕೊಟ್ಟ. ಗಿರಿಜಾಳ ತಂದೆ ನಾಟಕ ಕಂಪನಿಯಲ್ಲಿ ಪಿಟೀಲು ನುಡಿಸುತ್ತಿದ್ದವರು. ಕಂಪನಿ ಮುಚ್ಚಿದ ಮೇಲೆ ತಾಳಿಕೋಟೆಗೆ ಬಂದು ನೆಲೆಸಿ, ತಮ್ಮ ವಿದ್ಯೆಯನ್ನೆಲ್ಲ ಮಗಳ ಕೈಗೆ ಹಾಕಿದರು. ನಾವು ಕನ್ಯಾ ನೋಡಲು ಹೋದಾಗ, ಬೇರೆ ಹುಡುಗಿಯರು ಚಹಾದ ತಟ್ಟೆ ಹಿಡಿದು ಬರುವಂತೆ, ಇವಳು ಪಿಟೀಲು ಹಿಡಿದು ಬಂದು ಕುಳಿತಳು. ಏನು ಬಾರಿಸಿದಳೋ ನನಗೆ ನೆನಪಿಲ್ಲ. ಪಕ್ಕದಲ್ಲಿ ಕುಳಿತ ಅವ್ವ ನನ್ನ ಕಾಲು ನಿಲ್ಲಿಸಲು ತೊಡೆ ಚಿವುಟುತ್ತಿದ್ದದ್ದು ಮಾತ್ರ ಚೆನ್ನಾಗಿ ನೆನಪಿದೆ. ಮದುವೆಯಾದ ಮೇಲೆ ಎರಡೂ ಕಡೆಯ ನೆಂಟರು ಕೋಣನ ಮುಂದೆ ಕಿನ್ನರಿ ಎಂಬ ಗಾದೆಯನ್ನು ನಮಗಾಗಿಯೇ ಮಾಡಿಸಿಟ್ಟಂತೆ ಬಳಸಿದರು. ಅಂಥ ಕೈ ಇದ್ದ ಹುಡುಗಿ, ಮಕ್ಕಳಿಗೆ ಮಾವಿನಕಾಯಿ ಬರೆಯಲು ಕಲಿಸುವವನಿಗೆ ಯಾಕೆ ಹೂಂ ಅಂದಳು ಎಂದು ನನಗೂ ಕುತೂಹಲವಿತ್ತು. ಆದರೆ ಕೇಳಲಿಲ್ಲ. ಕೇಳಿ, ಅವಳು ಕುಳಿತು ಯೋಚಿಸಿ, ಹೌದಲ್ಲ ಎಂದುಬಿಟ್ಟರೆ?

ಸಂಜೆ ದೀಪ ಹಚ್ಚಿದ ಮೇಲೆ ಅವಳ ರಿಯಾಜು. ನಾನು ಎದುರಿನ ಕುರ್ಚಿಯಲ್ಲಿ. ಮೊದಮೊದಲು ತಿಳಿದವನ ಹಾಗೆ ತಲೆದೂಗಿ, ಸಲ್ಲದ ಜಾಗದಲ್ಲೆಲ್ಲ ಆಹಾ ಅನ್ನುತ್ತಿದ್ದೆ. ಒಂದು ದಿನ ಅವಳು ಕಮಾನು ಕೆಳಗಿಟ್ಟು, "ನೀವು ಏನೂ ಅನ್ನಬ್ಯಾಡ್ರಿ, ತಲೀನೂ ದೂಗಬ್ಯಾಡ್ರಿ. ಸುಮ್ಮನ ಎದುರಿಗೆ ಕುಂಡ್ರಿ, ಅಷ್ಟ ಸಾಕು" ಅಂದಳು. ಅಜ್ಞಾನಿಯ ಮೇಲೆ ಬಲ್ಲವರು ತೋರುವ ಕರುಣೆ ಇದು ಎಂದುಕೊಂಡು ನಾನು ಅಂದಿನಿಂದ ಸುಮ್ಮನೆ ಕುಳಿತೆ. ಅಂದರೆ ಕಾಲನ್ನುಳಿದು ಸುಮ್ಮನೆ.

ಐವತ್ತರ ಆಚೆಗೆ ಅವಳ ಕಿವಿ ಮಂದವಾಗತೊಡಗಿತು. ಮೊದಲು ಕುಕ್ಕರಿನ ಸೀಟಿ ಹೋಯಿತು, ಆಮೇಲೆ ಹಾಲಿನವನ ಕೂಗು. ಎರಡನ್ನೂ ನಾನು ವಹಿಸಿಕೊಂಡೆ. ಆದರೆ ಪಿಟೀಲಿನ ಸಣ್ಣ ತಂತಿಯ ದನಿ ಅವಳ ಕೈಬಿಡತೊಡಗಿದಾಗ ನಾನು ಏನನ್ನು ವಹಿಸಿಕೊಳ್ಳಲಿ? ಕಲಿಯಲು ಬರುತ್ತಿದ್ದ ಓಣಿಯ ಹುಡುಗಿಯರು, ಇವಳು ತಂತಿ ಬಿಗಿಯುವ ಬಿರಡೆಯನ್ನು ತಿರುಗಿಸುತ್ತಲೇ ಇದ್ದಾಗ ಒಬ್ಬರ ಮುಖ ಒಬ್ಬರು ನೋಡಿದರು. ಅವಳ ಕಿವಿ ಮಂದವಾಗಿತ್ತು, ಕಣ್ಣಲ್ಲ. ಬಿಜಾಪುರದ ಡಾಕ್ಟರು ಕಿವಿಗೊಂದು ಯಂತ್ರ ಕೊಟ್ಟರು. ಅದನ್ನು ಹಾಕಿಕೊಂಡರೆ ಮಾತು ಕೇಳುತ್ತಿತ್ತು, ಪಿಟೀಲು ಮಾತ್ರ ತಗಡು ಕೆರೆದಂತೆ ಕೇಳುತ್ತಿತ್ತಂತೆ. ಒಂದು ಸಂಜೆ ಅವಳು ಕಮಾನಿನ ರಾಳದ ಪುಡಿಯನ್ನು ನಿಧಾನವಾಗಿ ಒರೆಸಿ, ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು, ಕಪಾಟಿನ ಮೇಲೆ ಏರಿಸಿದಳು.

"ಶ್ರುತಿ ಕೂಡೇತೋ ಇಲ್ಲೋ ಗೊತ್ತಾಗದ ಬಾರಸೂದು ಅಂದ್ರ, ಮಂದಿಗೆ ಉಪ್ಪು ನೋಡದ ಸಾರು ಬಡಿಸಿದಂಗ್ರಿ," ಅಂದಳು. ಅಳಲಿಲ್ಲ. ಹೋಗಿ ರೊಟ್ಟಿಗೆ ಹಿಟ್ಟು ನಾದಿದಳು. ಆ ಸಂಜೆ ನಾನು ಕುರ್ಚಿಯಲ್ಲಿ ಕುಳಿತು ಖಾಲಿ ಗೋಡೆ ನೋಡುತ್ತ ಕಾಲು ಅಲ್ಲಾಡಿಸಿದೆ. ಸಂಗೀತ ತಿಳಿಯದವನಿಗೆ ಸಂಗೀತ ನಿಂತದ್ದು ಇಷ್ಟು ನೋಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಈಗ ನನ್ನ ಹೆಂಡತಿಯ ತಮ್ಮ ಈರಣ್ಣ ಬರಬೇಕು. ಸಿಂದಗಿಯಲ್ಲಿ ಅವನದೊಂದು ಟಿವಿ ರಿಪೇರಿ ಅಂಗಡಿ. ಮನೆಮನೆಗೆ ಬಣ್ಣದ ಟಿವಿ ಬಂದು ಕಪ್ಪು-ಬಿಳುಪಿನವು ಮೂಲೆ ಸೇರುತ್ತಿದ್ದ ಕಾಲ ಅದು. ಸಿಂದಗಿಯ ಮೂಲೆ ಎಂದರೆ ಈರಣ್ಣನ ಅಂಗಡಿ. ಈರಣ್ಣ ಬಾಯಿಬಡುಕ. ಸರಿಯಾಗಿದ್ದ ಟಿವಿಯನ್ನೂ ಬಿಚ್ಚಿ ರಿಪೇರಿ ಮಾಡುವಷ್ಟು ಆತ್ಮವಿಶ್ವಾಸ. ಒಂದು ದಿನ ಹಳೇ ಟಿವಿಯೊಂದಕ್ಕೆ ಟೇಪ್ ರೆಕಾರ್ಡರು ಜೋಡಿಸುವಾಗ, ಸ್ಪೀಕರಿಗೆ ಹೋಗಬೇಕಾದ ವೈರನ್ನು ಚಿತ್ರದ ಕೊಳವೆಯ ಕುತ್ತಿಗೆಗೆ ಸುತ್ತಿದ ತಾಮ್ರದ ಸುರುಳಿಗೆ ಕೊಟ್ಟುಬಿಟ್ಟ. ಟಿವಿಯಿಂದ ದನಿ ಬರಲಿಲ್ಲ. ಬದಲಿಗೆ ಪರದೆಯ ಮೇಲಿನ ಬೆಳಕಿನ ಗೆರೆ ಭಜನೆಯ ಕ್ಯಾಸೆಟ್ಟಿಗೆ ಸರಿಯಾಗಿ ಕುಣಿಯತೊಡಗಿತು. ಬೇರೆಯವರಾಗಿದ್ದರೆ ಪ್ಲಗ್ ಕಿತ್ತು ತಲೆ ಚಚ್ಚಿಕೊಳ್ಳುತ್ತಿದ್ದರು. ಈರಣ್ಣ ಎಸ್‌ಟಿಡಿ ಬೂತಿಗೆ ಓಡಿ ನಮ್ಮ ಪಕ್ಕದ ಮನೆಗೆ ಫೋನು ಮಾಡಿ ನನ್ನನ್ನು ಕರೆಸಿದ.

"ಮಾಮಾ, ಅಕ್ಕಗ ಹೇಳ್ರಿ! ಕಿವಿ ಹೋದ್ರ ಹೋಗಲಿ, ಕಣ್ಣು ಗಟ್ಟಿ ಅದಾವಲ್ಲ! ಶ್ರುತಿ ಕಣ್ಣೀಲೆ ತೋರಸ್ತೇನಿ!"

ಆ ಕೆಲಸಕ್ಕೆ ಇನ್ನೊಂದು ಸತ್ತ ಟಿವಿಯ ಸುರುಳಿಯೂ ಬೇಕಾಯಿತಂತೆ. ಅದನ್ನು ಇಂಡಿ ಊರಿನ ನಿಂಬೆಹಣ್ಣಿನ ವ್ಯಾಪಾರಿಯೊಬ್ಬರ ಗೋದಾಮಿನಿಂದ ತಂದ. ನಡುವೆ ಎರಡು ಸಲ ಅಂಗಡಿಯ ಫ್ಯೂಸು ಹಾರಿತು, ಒಂದು ಸಲ ಈರಣ್ಣನೇ ಹಾರಿದ. ಕಡೆಗೆ ಕೌದಿಯಲ್ಲಿ ಸುತ್ತಿದ ಟಿವಿಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು, ತಾಳಿಕೋಟೆಯಲ್ಲಿ ಬಸ್ಸು ಬದಲಿಸಿ, ನಮ್ಮ ಮನೆಗೆ ಬಂದಿಳಿದ.

ಗಿರಿಜಾ ಮೊದಲು ಒಪ್ಪಲಿಲ್ಲ. "ಪಿಟೀಲು ಏನು ಸಿನಿಮಾ ಏನೋ, ನೋಡಾಕ?" ಅಂದಳು. ತಮ್ಮನ ಸುಟ್ಟ ಬೆರಳು ನೋಡಿದ ಮೇಲೆ ಪೆಟ್ಟಿಗೆ ಇಳಿಸಿದಳು. ಈರಣ್ಣ ಒಂದು ಸುರುಳಿಗೆ ಕರೆಂಟಿನ ಶ್ರುತಿಪೆಟ್ಟಿಗೆಯನ್ನು ಜೋಡಿಸಿದ, ಇನ್ನೊಂದಕ್ಕೆ ಪಿಟೀಲಿಗೆ ಕಟ್ಟಿದ ಪುಟ್ಟ ಮೈಕನ್ನು. ಶ್ರುತಿಪೆಟ್ಟಿಗೆ ಗೆರೆಯನ್ನು ಅಡ್ಡ ಎಳೆಯುತ್ತದೆ, ಪಿಟೀಲು ಉದ್ದ ಎಳೆಯುತ್ತದೆ; ಇಬ್ಬರೂ ಎಳೆದಾಡಿ ಒಂದು ಬಳ್ಳಿ ಹುಟ್ಟುತ್ತದೆ. ಶ್ರುತಿ ಕೂಡದಿದ್ದರೆ ಆ ಬಳ್ಳಿ ಗಿರಗಿರ ಹೊರಳುತ್ತದೆ, ಕೂಡಿದರೆ ನಿಲ್ಲುತ್ತದೆ. ಇಷ್ಟೇ ವಿದ್ಯೆ. ಗಿರಿಜಾ ಕಮಾನು ಎಳೆದಳು. ಬೆಳಕು ಹುಚ್ಚೆದ್ದು ಹೊರಳಿತು. ಅವಳು ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸಿದಳು. ಹೊರಳಾಟ ನಿಧಾನವಾಯಿತು. ಇನ್ನೊಂದು ಎಳೆ. ಪರದೆಯ ಮೇಲೆ ದುಂಡನೆಯ ಬಳ್ಳಿಯೊಂದು ಬರೆದಿಟ್ಟಂತೆ ನಿಂತುಬಿಟ್ಟಿತು.

"ನಿಂತತಿ!" ಎಂದು ಕೂಗಿದಳು. ಆ ಮುಖ ನೋಡಿ ನಾನು ನೀರು ಕುಡಿಯುವ ನೆಪ ಮಾಡಿ ಅಡುಗೆಮನೆಗೆ ಹೋದೆ.

ಆಮೇಲೆ ನಮ್ಮ ಸಂಜೆಗಳು ಮರಳಿ ಬಂದವು. ಪಂಚಮ ಹಿಡಿದರೆ ಗಂಟುಗಂಟಾದ ಎಳೆ ರಂಗೋಲಿ, ಮೇಲಿನ ಷಡ್ಜಕ್ಕೆ ಇಂಗ್ಲಿಷಿನ ಎಂಟರ ಅಂಕಿ ಮಲಗಿದಂತೆ. ಇಷ್ಟು ವರ್ಷ ಮಕ್ಕಳ ಕೈ ಹಿಡಿದು ಗೆರೆ ತಿದ್ದಿದವನು ನಾನು. ನಡುಗದ ಗೆರೆ ಎಳೆಯುವುದು ಎಷ್ಟು ಕಷ್ಟ ಎಂದು ಬಲ್ಲೆ. ಇಲ್ಲಿ ನಾಲ್ಕು ತಂತಿ ಮತ್ತು ಒಂದು ಮುರುಕು ಟಿವಿ ಸೇರಿ ನನ್ನ ಕಣ್ಣೆದುರೇ ಅದನ್ನು ಎಳೆಯುತ್ತಿದ್ದವು. ಹೊಟ್ಟೆಕಿಚ್ಚಾಯಿತು ಎಂದರೂ ನಡೆದೀತು. ಆದರೆ ನಮ್ಮ ಕಡೆ ವೋಲ್ಟೇಜು ದೇವರಿಚ್ಛೆ. ಸುತ್ತಲಿನ ಪಂಪುಸೆಟ್ಟುಗಳೆಲ್ಲ ಒಮ್ಮೆಲೇ ಶುರುವಾದರೆ ಚಿತ್ರ ಕುಗ್ಗಿ ಕಡಲೆಕಾಳಿನಷ್ಟಾಗುತ್ತಿತ್ತು. ಗಿರಿಜಾ ಕನ್ನಡಕ ಮೂಗಿನ ತುದಿಗೆ ಇಳಿಸಿ, ಕಾಳಿನಲ್ಲೂ ಶ್ರುತಿ ಹುಡುಕುತ್ತಿದ್ದಳು.

ಅದೇ ದಿನಗಳಲ್ಲಿ ಪೇಪರಿನ ಪುರವಣಿಯಲ್ಲಿ ಓದಿದೆ. ದೂರದ ದೇಶಗಳಲ್ಲಿ ಈಗಿನ ಕಲಾವಿದರು ಪಿಟೀಲನ್ನು ಕಂಪ್ಯೂಟರಿಗೆ ಜೋಡಿಸಿ, ಒಂದು ಸ್ವರ ಬಾರಿಸಿದರೆ ಅದು ಹತ್ತಾಗಿ ತಿರುಗಿ ಬರುವಂತೆ ಮಾಡುತ್ತಾರಂತೆ, ಹಿಂದಿನ ಗೋಡೆಯ ಮೇಲೆ ಸ್ವರಕ್ಕೆ ತಕ್ಕ ಬಣ್ಣ ಬಿಡುತ್ತಾರಂತೆ, ಜನ ಟಿಕೀಟು ಕೊಂಡು ಕತ್ತಲಲ್ಲಿ ಕುಳಿತು ನೋಡುತ್ತಾರಂತೆ. ನನಗೆ ನಗು ಬಂತು. ಒಂದು ದನಿಯನ್ನು ಹಲವಾಗಿಸಿ ತಿರುಗಿ ಕೊಡುವ ಯಂತ್ರವನ್ನು ನಮ್ಮ ಬಿಜಾಪುರದ ಗೌಂಡಿಗಳು ಕಲ್ಲು-ಗಾರೆಯಲ್ಲಿ ಎಂದೋ ಕಟ್ಟಿ, ಗೋಲಗುಮ್ಮಟ ಎಂದು ಹೆಸರಿಟ್ಟರು. ಅದಕ್ಕೆ ಲೋಡ್ ಶೆಡ್ಡಿಂಗಿನ ಭಯವೂ ಇಲ್ಲ. ಪುರವಣಿಯ ಲೇಖನವನ್ನು ಈರಣ್ಣನಿಗೆ ಓದಿ ಹೇಳಿದೆ. ಅವನು ಸ್ವಲ್ಪವೂ ಬೆರಗಾಗದೆ, "ಅವರಿಗೆ ಯಾರು ಹೇಳಿಕೊಟ್ರಂತ?" ಎಂದು ಕೇಳಿದ.

ಆ ಲೇಖನವೇ ನನ್ನ ತಲೆ ಕೆಡಿಸಿದ್ದು. ಬಸವನ ಬಾಗೇವಾಡಿಯಲ್ಲಿ ನಾವು ಡ್ರಾಯಿಂಗ್ ಮಾಸ್ತರುಗಳು ಸೇರಿ ಒಂದು ಚಿತ್ರಪ್ರದರ್ಶನ ಇಟ್ಟುಕೊಂಡಿದ್ದೆವು. ಗೋಡೆಗೆ ನಮ್ಮ ಚಿತ್ರ, ನಡುವೆ ಗಿರಿಜಾಳ ಪಿಟೀಲು ಮತ್ತು ಟಿವಿ ಇದ್ದರೆ ಹೇಗೆ ಎಂದೆ.

"ಮನ್ಯಾಗ ತಪ್ಪಿದ್ರ ಗ್ವಾಡಿ ಕೇಳ್ತಾವು. ಅಲ್ಲಿ ನಾಕು ಮಂದಿ ಮುಂದ ಶ್ರುತಿ ತಪ್ಪಿತಂದ್ರ, ಖರೇನ ಹೇಳ್ತೇನಿ, ಮತ್ತ ಇದನ್ನ ಕೈಯಾಗ ಹಿಡ್ಯಂಗಿಲ್ಲ," ಅಂದಳು. ಆಮೇಲೆ, "ಬರ್ತೇನಿ" ಅಂದಳು.

ಸಾಲೆಯ ದೊಡ್ಡ ಕೋಣೆ, ಮಧ್ಯಾಹ್ನ. ಟಿವಿ ಕಾಣಲೆಂದು ಕಿಟಕಿಗಳಿಗೆ ಜಮಖಾನೆ ಕಟ್ಟಿದ್ದೆವು. ನಮ್ಮ ಚಿತ್ರಗಳು ಕತ್ತಲಲ್ಲಿ ಮುಳುಗಿ ಬಹುಶಃ ಇನ್ನಷ್ಟು ಚೆನ್ನಾಗಿ ಕಂಡವು. ನಾನು ಮೊದಲ ಸಾಲಿನಲ್ಲಿ ಅವಳ ಎದುರಿಗೇ ಕುಳಿತೆ. ಅವಳು ಟಿವಿಯನ್ನು ಓರೆಗಣ್ಣಿನಲ್ಲಿ ನೋಡುತ್ತ ಶುರುಮಾಡಿದಳು. ಬಳ್ಳಿ ಅರಳಿತು, ಮಡಿಸಿಕೊಂಡಿತು, ಮತ್ತೆ ಅರಳಿತು. ಮಂದಿ ಉಸಿರು ಬಿಗಿಹಿಡಿದರು. ಅಷ್ಟರಲ್ಲಿ ಟಪ್ ಎಂದು ಕರೆಂಟು ಹೋಯಿತು.

ಟಿವಿ ಕಪ್ಪಾಯಿತು. ಶ್ರುತಿಪೆಟ್ಟಿಗೆ ಸತ್ತಿತು. ಯಾರೋ ಓಡಿಹೋಗಿ ಜಮಖಾನೆ ಸರಿಸಿದರು. ಹಿಂದೆ ಈರಣ್ಣ ಯಾರಿಗೋ ಬೈಯುತ್ತಿದ್ದ. ಗಿರಿಜಾಳ ಕಮಾನು ಒಂದು ಗಳಿಗೆ ತಂತಿಯ ಮೇಲೆ ತಡೆಯಿತು. ಎದ್ದು ಹೋಗಿ ಅವಳ ಕೈ ಹಿಡಿದು, ಸಾಕು ನಡಿ ಮನೆಗೆ, ಎಂದುಬಿಡಲೇ ಅನ್ನಿಸಿತು. ಅವಳು ಟಿವಿಯಿಂದ ಕಣ್ಣು ತೆಗೆದು ನನ್ನ ಕಡೆ ನೋಡಿದಳು. ಮುಖವನ್ನಲ್ಲ, ಸ್ವಲ್ಪ ಕೆಳಗೆ. ಧೋತರಕ್ಕೇನಾದರೂ ಚಹಾ ಚೆಲ್ಲಿದೆಯೋ ಎಂದು ನಾನೂ ಬಗ್ಗಿ ನೋಡಿಕೊಂಡೆ. ಅವಳು ಮತ್ತೆ ಕಮಾನು ಎಳೆದಳು, ಬೆರಳು ಕೊಂಚ ಸರಿಸಿದಳು, ಆಮೇಲೆ ನಿಲ್ಲಲಿಲ್ಲ. ಕಡೆಯ ತನಕ ಬಾರಿಸಿದಳು. ಮುಗಿದಾಗ, ಸಂಗೀತ ಬಲ್ಲವರೆಂದು ಹೆಸರಾದ ಮಸೂತಿ ಊರಿನ ಹಿರಿಯರೊಬ್ಬರು ಎದ್ದು ಕೈಮುಗಿದು, "ತಾಯಿ, ಕೂದಲೆಳಿಯಷ್ಟೂ ಸರೀಲಿಲ್ಲ" ಅಂದರು. ಅವಳಿಗೆ ಕೇಳಿಸಲಿಲ್ಲ. ನಾನು ಅವಳ ಕಿವಿಯ ಹತ್ತಿರ ಬಗ್ಗಿ ಕೂಗಿ ಹೇಳಿದೆ. ನನ್ನ ದನಿ ಒಡೆದದ್ದು ಸದ್ಯ ಅವಳಿಗೆ ತಿಳಿಯಲಿಲ್ಲ.

ಸಂಜೆಯ ಬಸ್ಸಿಗೆ ಮುದ್ದೇಬಿಹಾಳಕ್ಕೆ ಹೊರಟೆವು. ಕಿವಿ ಮಂದವಾದವರಿಗೆ ತಮ್ಮ ದನಿಯ ಅಳತೆ ತಿಳಿಯುವುದಿಲ್ಲ. ಗುಟ್ಟನ್ನೂ ಸಾರಿಸಾರಿ ಹೇಳುತ್ತಾರೆ.

"ಕರೆಂಟ್ ಹೋದ ಮ್ಯಾಲ ನಾ ಏನ್ ನೋಡಿ ಬಾರಿಸಿದೆ, ಕೇಳಂಗಿಲ್ಲೇನ್ರಿ?" ಎಂದಳು. ಬಸ್ಸಿನ ಮಂದಿಯೆಲ್ಲ ತಿರುಗಿದರು.

ಮೆಲ್ಲಗೆ ಎಂದು ಸನ್ನೆ ಮಾಡಿದೆ. ಅವಳು ಅದನ್ನು ಏನು ನೋಡಿ ಎಂಬ ಪ್ರಶ್ನೆ ಎಂದುಕೊಂಡಳು.

"ನಿಮ್ಮ ಎಡಗಾಲು! ಶ್ರುತಿ ಕೂಡಿದ ಕೂಡಲೇ ನಿಂತ್ ಬಿಡ್ತೈತಿ, ತಪ್ಪಿದ್ರ ಮತ್ತ ಸುರು. ಪಿಟೀಲು ಎತ್ತಿಟ್ಟಾಗ ಅದನ್ನ ನಂಬೂ ಧೈರ್ಯ ಇರಲಿಲ್ಲ, ಟಿವಿ ಬಳ್ಳಿ ಜೋಡಿ ಅದೂ ನಿಲ್ಲೂದು ಕಂಡ ಮ್ಯಾಲ ನಂಬಿದೆ. ಇವತ್ತಿನ ಮಾತಲ್ಲ. ಕನ್ಯಾ ನೋಡಾಕ ಬಂದಾಗ ನಿಮ್ಮವ್ವ ಎಷ್ಟ ಚಿವುಟಿದ್ರೂ ನಿಲ್ಲದ ಕಾಲು, ನಾ ಸಾ-ಪಾ ಹಚ್ಚಿದ್ದ ತಡ, ನಿಂತಿತ್ತು. ಈ ಮನಶ್ಯಾಗ ತನಗ ಗೊತ್ತಿಲ್ಲದ ಕಿವಿ ಅದಾವು ಅಂತ ತಿಳದು, ಅದಕ್ಕ ಹೂಂ ಅಂದೆ!"

ಮುಂದಿನ ಸೀಟಿನ ಮುದುಕಿ ಪೂರ್ತಿ ಹಿಂದಕ್ಕೆ ತಿರುಗಿ ನನ್ನ ಮೊಣಕಾಲನ್ನು ಪರೀಕ್ಷಿಸಿ, "ಯಪ್ಪಾ, ಆ ಕಾಲು ಜ್ವಾಕಿ" ಅಂದಳು. ಕಂಡಕ್ಟರು ನಕ್ಕ. ನಾನು ನಾಚಿ ಕಿಟಕಿಯ ಕಡೆ ತಿರುಗಿದೆ. ಹೊರಗೆ ಜೋಳದ ಹೊಲಗಳು ಮಂಜುಮಂಜಾಗಿ ಕಂಡವು; ಕಿಟಕಿಯ ಗಾಜಿನದು ಏನೂ ತಪ್ಪಿರಲಿಲ್ಲ.

ಟಿವಿ ಇನ್ನೂ ನಮ್ಮ ಮನೆಯಲ್ಲಿದೆ. ಕರೆಂಟು ಇದ್ದರೆ ಹಚ್ಚುತ್ತೇವೆ, ಈರಣ್ಣ ಬಂದಾಗಲಂತೂ ತಪ್ಪದೆ. ಆದರೆ ನನ್ನ ಕಷ್ಟ ಕೇಳಿ. ಗುಟ್ಟು ತಿಳಿದಂದಿನಿಂದ ಕಾಲು ತಾನಾಗಿ ನಿಲ್ಲುತ್ತದೋ ನಾನೇ ನಿಲ್ಲಿಸುತ್ತೇನೋ ಎಂಬ ಸಂಶಯ ನನ್ನನ್ನು ತಿನ್ನತೊಡಗಿತು. ಒಂದು ಸಂಜೆ ಕರೆಂಟಿರಲಿಲ್ಲ, ಅವಳ ಕಿವಿಯೂ ತೀರಾ ಮಂದವಾಗಿತ್ತು. ಬಿರಡೆ ತಿರುಗಿಸಿ ತಿರುಗಿಸಿ ದಣಿದಳು. ಸಾಕು, ಕೂಡಿತು ಎಂದುಕೊಳ್ಳಲಿ ಎಂದು ನಾನು ಕಾಲನ್ನು ಬಿಗಿಹಿಡಿದು ನಿಲ್ಲಿಸಿದೆ.

ಅವಳು ಕಮಾನು ಇಳಿಸಿದಳು. "ಸುಳ್ಳ ನಿಲ್ಲಸಬ್ಯಾಡ್ರಿ."

"ಹೆಂಗ ಗೊತ್ತಾತು?"

"ಸುಳ್ಳ ನಿಲ್ಲಿಸಿದ್ರ ಹೆಬ್ಬೆರಳು ಬಿಗೀತೈತ್ರಿ."

ಸಿಕ್ಕಿಬಿದ್ದ ಕಳ್ಳನಂತೆ ನಾನು ಕಾಲನ್ನು ಅದರ ಪಾಡಿಗೆ ಬಿಟ್ಟು, ಬಾಗಿಲಾಚೆ ಬೇವಿನ ಗಿಡದ ಮೇಲೆ ಜಗಳಾಡುತ್ತಿದ್ದ ಗುಬ್ಬಿಗಳನ್ನು ನೋಡುತ್ತ ಕುಳಿತೆ. ಅವಳು ಮತ್ತೆ ಬಿರಡೆಗೆ ಕೈಹಾಕಿದಳು. ಗುಬ್ಬಿಗಳ ಜಗಳ ಮುಗಿದು ನಾನು ತಿರುಗುವಷ್ಟರಲ್ಲಿ ಅವಳು ಕಣ್ಣು ಮುಚ್ಚಿ ಬಾರಿಸುತ್ತಿದ್ದಳು. ಕಾಲು ಯಾವಾಗ ನಿಂತಿತೋ ನನಗೆ ಗೊತ್ತಾಗಲಿಲ್ಲ. ಅವಳಿಗೆ ಗೊತ್ತಾಗಿತ್ತು.