ಬೂದಿ ತಿಂದ ನೀಲಿ ಡೇಸಿ

ಹರಿಹರದಲ್ಲಿ ಹೊಳೆಯ ಕಡೆಗೆ ಇಳಿಯುವ ಓಣಿಯೊಂದರಲ್ಲಿ ಖತೀಜಾಬೀಯ ಮನೆ. ಅಂಗಳ ನಾಲ್ಕು ಮಾರು, ಕುಂಡ ಇನ್ನೂರು. ಬೇಸಿಗೆಗೆ ಊರೆಲ್ಲ ಬಣ್ಣಗೆಟ್ಟಾಗ ಅಲ್ಲಿ ಮಾತ್ರ ನೀಲಿ ಡೇಸಿ ಅರಳುತ್ತಿತ್ತು, ನಡುವೆ ಅರಿಸಿನದ ಬೊಟ್ಟು, ಸುತ್ತ ತಿಳಿನೀಲಿ ಎಸಳು. ದಾವಣಗೆರೆಯವರು ಕಾರು ನಿಲ್ಲಿಸಿ ಒಯ್ಯುತ್ತಿದ್ದರು. ಚಳಿಗಾಲದಲ್ಲೇ ಬೀಜ ಹಾಕಬೇಕು, ಸಸಿ ಗೇಣುದ್ದವಾಗುವ ಮೊದಲೇ ತುದಿ ಚಿವುಟಬೇಕು, ಮಧ್ಯಾಹ್ನದ ಬಿಸಿಲಿಗೆ ಹಸಿರು ಬಲೆ ಕಟ್ಟಬೇಕು. ಇದರಲ್ಲಿ ಆಕೆಗೆ ಎಂಥ ಜಂಬವೆಂದರೆ, ಕೊಳ್ಳಲು ಬಂದವರಿಗೆ ಗಿಡಕ್ಕಿಂತ ಮೊದಲು ಬೈಗುಳ ಸಿಗುತ್ತಿತ್ತು.

"ಹಂಗೆ ಹಿಚುಕಬ್ಯಾಡ್ರಿ, ಅದೇನು ಬದನೆಕಾಯಿ ಅಲ್ಲ!"

ಆಕೆಯ ಕೈಗುಣದ ಗುಟ್ಟು ಬೂದಿ. ಒಬ್ಬನೇ ಮಗ ಶಬ್ಬೀರ್ ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಲ್ಲಿ ಒಲೆಗೆ ಉರಿ ಹಾಕುವವನು. ಭತ್ತದ ಹೊಟ್ಟು ಉರಿದ ಬೂದಿಯನ್ನು ವಾರಕ್ಕೊಂದು ಚೀಲ ಬಸ್ಸಿನಲ್ಲಿ ತರುತ್ತಿದ್ದ. ಅಂಟು ಎರೆಮಣ್ಣಿಗೆ ಅದನ್ನು ಬೆರೆಸಿದರೆ ನೀರು ನಿಲ್ಲುವುದಿಲ್ಲ, ಬೇರು ಕೊಳೆಯುವುದಿಲ್ಲ. ಆ ಓಣಿಯಲ್ಲಿ ಗಿಡ ಸೊರಗಿದರೂ ಬೂದಿ, ಹುಳ ಬಿದ್ದರೂ ಬೂದಿ.

ಈ ಸಲ ಸಂಕ್ರಾಂತಿ ಕಳೆಯುತ್ತಲೇ ಶಬ್ಬೀರನಿಗೆ ಕೆಮ್ಮು ಹಿಡಿಯಿತು. ಅದೇ ವಾರ ಡೇಸಿಯ ಎಲೆಗಳು ಅಂಚಿನಿಂದ ಕಪ್ಪಾಗತೊಡಗಿದವು. "ಧೂಳು ಅಮ್ಮೀ, ಹೋಗ್ತೈತೆ" ಎಂದ ಮಗ. ಖತೀಜಾಬೀ ಅವನಿಗೆ ಶುಂಠಿ ಕಷಾಯ ಕುಡಿಸಿದಳು, ಗಿಡಗಳಿಗೆ ಇನ್ನೊಂದೊಂದು ಹಿಡಿ ಬೂದಿ ಹಾಕಿದಳು. ಮಗನೂ ಚೇತರಿಸಲಿಲ್ಲ, ಗಿಡವೂ ಚೇತರಿಸಲಿಲ್ಲ. ಮೊಗ್ಗುಗಳು ಬಿರಿಯದೆ ಕರಕಾದವು. ಶಬ್ಬೀರ್ ಬಸ್‌ಸ್ಟ್ಯಾಂಡಿನಿಂದ ಮನೆಗೆ ಬರುವಷ್ಟರಲ್ಲಿ ಎರಡು ಕಡೆ ಗೋಡೆ ಹಿಡಿದು ನಿಲ್ಲುತ್ತಿದ್ದ. ಆಕೆಗೆ ಭಯ ಹತ್ತಿತು. ಗಿಡ ಹೋದರೆ ಮುಂದಿನ ವರ್ಷ ಬೀಜ ಹಾಕಬಹುದು, ಮಗನನ್ನು ಎಲ್ಲಿಂದ ತರುವುದು? ಹೀಗೆಂದುಕೊಂಡು ಮತ್ತೆ ಬೂದಿಗೇ ಕೈ ಹಾಕಿದಳು. ಬೆರಳಿಗೆ ಏನೋ ಚುಚ್ಚಿತು. ಕೂದಲೆಳೆಯಂಥ ತಂತಿ. ಕೆದಕಿದರೆ ಇನ್ನೊಂದು, ಮತ್ತೊಂದು.

ಆ ಹೊತ್ತಿಗೆ ಗಿಡ ಕೇಳಿಕೊಂಡು ಪಂಚಾಕ್ಷರಪ್ಪ ಬಂದರು. ಹೈವೇ ಪಕ್ಕ ಮೂವತ್ತು ವರ್ಷದಿಂದ ಟೈರಿಗೆ ಪಂಕ್ಚರ್ ಹಾಕುವವರು. ತಂತಿಯನ್ನು ಕೈಗೆ ತೆಗೆದುಕೊಂಡವರೇ ಬೂದಿಯನ್ನು ಮೂಸಿ ಮುಖ ಸಿಂಡರಿಸಿದರು.

"ಇದು ಹೊಟ್ಟಿನ ಬೂದಿ ಅಲ್ಲ ಕಣಮ್ಮಾ. ಟೈರ್ ಸುಟ್ಟಾರೆ. ಒಳಗಿನ ತಂತಿ ಇದು. ಎಲ್ಲಿಂದ ತಂದ್ರಿ?"

ಖತೀಜಾಬೀ ಅವರನ್ನು ಬರಿಗೈಯಲ್ಲೇ ಕಳಿಸಿದಳು. ಅವರು ಹೋದ ಮೇಲೆ ಒಂದು ಕುಂಡ ಬೋರಲು ಹಾಕಿದಳು. ಬಿಳಿ ಬೇರು ಒಂದೂ ಉಳಿದಿರಲಿಲ್ಲ, ಎಲ್ಲವೂ ಮಸಿ. ಬೇಲಿಯೇ ಎದ್ದು ಹೊಲ ಮೇಯ್ದಂತಾಗಿತ್ತು. ಆದರೆ ಆಕೆಯ ಚಿಂತೆ ಆ ಬೇರಿನದಾಗಿರಲಿಲ್ಲ.

ಸಂಜೆ ಬಂದ ಮಗನ ಮುಂದೆ ತಂತಿ ಹಿಡಿದಳು. "ನಿಂಗೆ ಗೊತ್ತಿತ್ತೇನೋ?"

ಶಬ್ಬೀರ್ ನೆಲ ನೋಡಿದ. "ಹೊಟ್ಟು ಸಾಲಲ್ಲ ಅಂತ ದೀಪಾವಳಿಯಿಂದ ಭಟ್ಟಿಯವ್ರು ಟೈರ್ ಹಾಕಸ್ತಾರೆ. ಯಾರ ಹತ್ರಾನೂ ಬಾಯಿ ಬಿಡಬ್ಯಾಡ ಅಂದಾರೆ. ಸುಟ್ಟು ಬೂದಿ ಆದ್ಮೇಲೆ ಎಲ್ಲಾ ಒಂದೇ ಅಲ್ವಾ, ಗಿಡಕ್ಕೇನಾಗ್ತೈತೆ ಅಂದ್ಕಂಡೆ."

"ಗಿಡದ ಮಾತಲ್ಲೋ! ಅವಕ್ಕೆ ನಾನು ವಾರಕ್ಕೊಂದು ಹಿಡಿ ಹಾಕಿದ್ದು. ನೀನು ದಿನಾ ಅದರ ಹೊಗೆ ಮುಂದೆ ಕೂತೀಯಲ್ಲೋ!"

ಮರುದಿನ ಬೆಳಿಗ್ಗೆ ಅವನು ಬುತ್ತಿ ಹಿಡಿದು ಹೊರಟಾಗ ಖತೀಜಾಬೀ ಬಾಗಿಲಿಗೆ ಅಡ್ಡ ನಿಂತಳು. ಮಗನ ಮೊಣಕೈಗೆ ಬರುವಷ್ಟು ಎತ್ತರದ ಮುದುಕಿ. ಅಕ್ಕಿಯ ಮೂಟೆಯನ್ನು ಒಂದೇ ಹೆಗಲಲ್ಲಿ ಎತ್ತುತ್ತಿದ್ದ ಮಗ ನಕ್ಕ. "ಆಚೆ ಸರಿಯಮ್ಮೀ, ಬಸ್ ಹೋಗ್ತೈತೆ" ಎಂದು ಅವಳ ಭುಜಕ್ಕೆ ಕೈ ಇಟ್ಟು ಪಕ್ಕಕ್ಕೆ ತಳ್ಳಿದ. ಆಕೆ ಅಲುಗಲಿಲ್ಲ. ಇನ್ನೊಮ್ಮೆ ತಳ್ಳಲು ಉಸಿರು ಎಳೆದುಕೊಂಡ, ಉಸಿರು ಸಿಗಲಿಲ್ಲ. ಬುತ್ತಿಯನ್ನು ಕೆಳಗಿಟ್ಟು, ಅವಳ ಸೆರಗನ್ನು ಹಿಡಿದುಕೊಂಡು ಹೊಸ್ತಿಲ ಮೇಲೆ ಕುಸಿದು ಕೂತ.