ನಂಜಮ್ಮನವರ ಕುಂಕುಮ ಮಾಯವಾದದ್ದು

ಬಣ್ಣದ ಫೋಟೋವನ್ನು ಕಪ್ಪು-ಬಿಳುಪು ಮಾಡೋದು ಏನು ಮಹಾ ವಿದ್ಯೆ ಅಂದುಕೊಂಡೇ ನಾನು ಸಹಕಾರನಗರದ ಭಾನುವಾರದ ಫೋಟೋಗ್ರಫಿ ಕ್ಲಾಸಿಗೆ ಸೇರಿದ್ದೆ. ಕಂಪ್ಯೂಟರಿನಲ್ಲಿ ಬಣ್ಣ ತೆಗೆಯುವಾಗ ಕೆಂಪನ್ನು ಹೆಚ್ಚಿಸಿದರೆ ಕೆಂಪು ಛಾಯೆಯದ್ದೆಲ್ಲ ಬೆಳ್ಳಗಾಗಿ ಮುಖಗಳು ಬೆಳಗುತ್ತವೆ ಎಂದು ಮೇಷ್ಟ್ರು ಮೊದಲ ವಾರವೇ ಹೇಳಿಕೊಟ್ಟರು. ನನಗೆ ಅಷ್ಟೇ ಸಾಕಾಗಿತ್ತು.

ಚಿಕ್ಕಜಾಲದಲ್ಲಿ ನಂಜಮ್ಮ, ಮುನಿಯಪ್ಪ ಎಂಬ ಹಿರಿಯ ದಂಪತಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಕೇಳಿ ಒಂದು ಫೋಟೋ ತೆಗೆದೆ. ಅಲ್ಲೇ ಕೂತು ಲ್ಯಾಪ್‌ಟಾಪಿಗೆ ಹಾಕಿ, ಬಣ್ಣ ತೆಗೆದು, ಕೆಂಪನ್ನು ಕೊನೆಯವರೆಗೂ ಏರಿಸಿದೆ. ಇಬ್ಬರೂ ಹಾಲಲ್ಲಿ ಮುಖ ತೊಳೆದವರ ಹಾಗೆ ಹೊಳೆದರು. ಬೀಗುತ್ತಾ ತೋರಿಸಿದೆ.

ನಂಜಮ್ಮ ಗಾಬರಿಯಿಂದ ಹಣೆ ಮುಟ್ಟಿ ನೋಡಿಕೊಂಡರು. "ನನ್ ಕುಂಕುಮ ಎಲ್ಲೋಯ್ತು?"

ಕಾಸಿನಗಲದ ಕುಂಕುಮ ಆ ಬಿಳುಪಿನಲ್ಲಿ ಕರಗಿಹೋಗಿತ್ತು! ಮುನಿಯಪ್ಪ ಬಗ್ಗಿ ನೋಡಿ, "ಏನ್ ಸಾರ್, ಪಕ್ಕದಲ್ಲೇ ಕುಂತಿದೀನಿ, ಆಗ್ಲೇ ಮೇಲಕ್ ಕಳಿಸ್ಬುಟ್ರಾ?" ಅಂದರು.

ತಡಬಡಾಯಿಸಿ ಕೆಂಪನ್ನು ಪೂರ್ತಿ ಇಳಿಸಿದೆ. ಕುಂಕುಮವೇನೋ ಕಪ್ಪಗೆ ಎದ್ದುಬಂತು, ಜೊತೆಗೆ ಇಬ್ಬರ ಮುಖವೂ ಇದ್ದಿಲಾಯಿತು.

"ನಾನ್ ಇಷ್ಟ್ ಕರ್ರಗಿದೀನಾ?" ಎಂದು ಮುನಿಯಪ್ಪ ಮುಖ ಸಿಂಡರಿಸಿದರು.

"ಇದೀರಲ್ಲ, ಅಷ್ಟ್ ಸಾಕು. ಸುಮ್ಕಿರಿ," ಅಂದು ನಂಜಮ್ಮ ಅವರೆಕಾಯಿಗೆ ಕೈ ಹಾಕಿದರು.

ಮುಂದಿನ ಭಾನುವಾರ ಮೇಷ್ಟ್ರು ಆ ಫೋಟೋ ನೋಡಿ ಹುಬ್ಬು ಗಂಟಿಕ್ಕಿದರು. "ಏನ್ರೀ ಇದು, ಇಬ್ಬರ ಮುಖಕ್ಕೂ ಮಸಿ ಬಳಿದಿದ್ದೀರಲ್ಲ?"

"ಒಬ್ಬರ ಪ್ರಾಣ ಉಳಿಸ್ಬೇಕಿತ್ತು ಸಾರ್," ಅಂದೆ.